20ನೇ ತಾರೀಖಿಗೆ ದುಡ್ಡೂ ಇಲ್ಲ, ಸಂಜೆಗೆ ಶಕ್ತಿಯೂ ಇಲ್ಲ

ಪ್ರಶ್ನೆ: ನನಗೆ 34 ವರ್ಷ, ಹಾಸನದಲ್ಲಿ ಬಾಡಿಗೆ ಮನೆ. ಗಾರ್ಮೆಂಟ್ಸ್‌ನಲ್ಲಿ ಟೈಲರ್, ಕೈಗೆ 13,000 ರೂಪಾಯಿ ಬರುತ್ತದೆ. ಯಜಮಾನರದು ಗೂಡ್ಸ್ ಆಟೊ, ಕಂತು, ಡೀಸೆಲ್ ಕಳೆದು 15,000 ಉಳಿಯಬಹುದು, ಒಂದೊಂದು ತಿಂಗಳು ಅಷ್ಟೂ ಇಲ್ಲ. ಮಗ 7ನೇ ಕ್ಲಾಸು, ಮಗಳು 3ನೇ ಕ್ಲಾಸು. ಅತ್ತೆಗೆ ಬಿಪಿ, ಶುಗರ್ ಎರಡೂ ಇದೆ. ಬಾಡಿಗೆ 5,500. ನಾದಿನಿ ಮದುವೆಗೆ ತಂದ 40,000 ಸಾಲಕ್ಕೆ ನೂರಕ್ಕೆ ಮೂರರಂತೆ ಬಡ್ಡಿ ಕಟ್ಟುತ್ತಾ ಎರಡು ವರ್ಷವಾಯಿತು. ನನ್ನದೊಂದು ಜೊತೆ ಬಳೆ ಬೀರುವಿನಲ್ಲಿದೆ, ಅದನ್ನು ಮುಟ್ಟಬಾರದು ಅಂತಾರೆ ಅತ್ತೆ. ಗೃಹಲಕ್ಷ್ಮಿ ದುಡ್ಡು ಅವರ ಹೆಸರಿಗೇ ಬರುತ್ತದೆ. ಕರೆಂಟ್ ಉಳಿಯಲಿ ಅಂತ ರಾತ್ರಿ ಫ್ರಿಜ್ ಆರಿಸುತ್ತೇನೆ, ವಾಷಿಂಗ್ ಮಷಿನ್ ಇದ್ದರೂ ಕೈಯಲ್ಲೇ ಒಗೆಯುತ್ತೇನೆ. ಆದರೂ 20ನೇ ತಾರೀಖಿಗೆ ಕೈ ಖಾಲಿ. ಸಂಜೆ ಆರೂವರೆಗೆ ಮನೆ ಸೇರಿದರೆ ನಿಲ್ಲಲು ಕಾಲಿನಲ್ಲಿ ತ್ರಾಣ ಇರುವುದಿಲ್ಲ. ವಾರಕ್ಕೆ ಮೂರು ದಿನ ಪಾರ್ಸಲ್ ತರಿಸಿಬಿಡುತ್ತೇನೆ, ಅದಕ್ಕೆ ಮನೆಯಲ್ಲಿ ಮಾತು. ಮಗಳು ಚಿಕ್ಕವಳು, ಇನ್ನೂ ಕೆಲಸಕ್ಕೆ ಒದಗುವುದಿಲ್ಲ. ಚೀಟಿ ಹಾಕಿ ಸಾಲ ತೀರಿಸಲೇ? ಇನ್ನೂ ಎಲ್ಲಿ ಹಿಡಿತ ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ ತಂಗಿ. ಇನ್ನು ಎಲ್ಲೂ ಹಿಡಿತ ಮಾಡಬೇಡಿ. ನೀವು ಈಗ ಮಾಡುತ್ತಿರುವ ಹಿಡಿತದಲ್ಲಿ ಅರ್ಧ ಬಿಡಬೇಕು. ನಿಮ್ಮ ಮನೆಯಲ್ಲಿ ದುಡ್ಡು ಸೋರುತ್ತಿರುವ ದೊಡ್ಡ ಜಾಗ ಎರಡು. ಒಂದು ಆ ನೂರಕ್ಕೆ ಮೂರು ಬಡ್ಡಿ, ಇನ್ನೊಂದು ನಿಮ್ಮ ಸುಸ್ತು. ಎರಡನ್ನೂ ಬಿಟ್ಟು ನೀವು ಫ್ರಿಜ್ಜಿನ ಸ್ವಿಚ್ಚು ಕಾಯುತ್ತಿದ್ದೀರಿ.

ಬಟ್ಟೆ ಒಗೆಯುವುದನ್ನೇ ತೆಗೆದುಕೊಳ್ಳಿ. ನಾಲ್ಕೈದು ಜನರ ಬಟ್ಟೆ, ಅದರಲ್ಲೂ ಆಟೊ ಓಡಿಸುವವರ ಪ್ಯಾಂಟು, ಮಕ್ಕಳ ಯೂನಿಫಾರ್ಮು. ನೆನೆಹಾಕಿ, ಉಜ್ಜಿ, ಜಾಲಿಸಿ, ಹಿಂಡಿ ಹರವುವಷ್ಟರಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ಹೋಗುತ್ತದೆ. ದಿನವಿಡೀ ಹೊಲಿಗೆ ಮಷಿನ್ ಮುಂದೆ ಬಗ್ಗಿ ಕೂತ ಬೆನ್ನು ಇಲ್ಲಿ ಮತ್ತೆ ಬಗ್ಗುತ್ತದೆ. ಇದರಿಂದ ಉಳಿಯುವುದೆಷ್ಟು? ಸಾಧಾರಣ ಸೆಮಿ ಆಟೊಮ್ಯಾಟಿಕ್ ಮಷಿನ್ ಒಂದು ಸಲ ಒಗೆದು ಹಿಂಡುವುದಕ್ಕೆ ಕಾಲು ಯೂನಿಟ್ ಕೂಡ ತಿನ್ನುವುದಿಲ್ಲ. ತಿಂಗಳಿಗೆ 12 ಸಲ ಹಾಕಿದರೂ 3 ಯೂನಿಟ್ ಒಳಗೆ, ದುಡ್ಡು ಕೊಟ್ಟೇ ಕೊಂಡರೂ 20 ರೂಪಾಯಿ ಮುಟ್ಟುವುದಿಲ್ಲ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಇದ್ದು, ಅದರ ಮಿತಿಯೊಳಗಿದ್ದರೆ ಅದನ್ನೂ ಕೊಡಬೇಕಾಗಿಲ್ಲ. ತಿಂಗಳಿಗೆ ಹತ್ತು ಹನ್ನೆರಡು ಗಂಟೆಯ ಮೈಮುರಿತವನ್ನು 20 ರೂಪಾಯಿಗೆ ಮಾರುತ್ತಿದ್ದೀರಿ ನೀವು. ಅದೇ ಸುಸ್ತಿಗೆ ಮಾರನೇ ಸಂಜೆ 180 ರೂಪಾಯಿಯ ಪಾರ್ಸಲ್ ಬರುತ್ತದೆ.

ಗೃಹಜ್ಯೋತಿಯ ಲೆಕ್ಕ ಒಂದು ಸಲ ತಿಳಿದುಕೊಂಡರೆ ಕರೆಂಟಿನ ಭಯ ಹೋಗುತ್ತದೆ. 2022-23ರಲ್ಲಿ ಆ ಮೀಟರಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಓಡಿತ್ತೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿ ನಿಮ್ಮ ಮಿತಿ ಇಟ್ಟಿದ್ದಾರೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದ ಮನೆಗಳಿಗೆ ಆಮೇಲೆ ಆ ನೂರಕ್ಕೆ ಹತ್ತರ ಬದಲು 10 ಯೂನಿಟ್ ಸೇರಿಸಿ ಕೊಟ್ಟರು. ಆ ಮಿತಿಯೊಳಗಿದ್ದರೆ ಬಿಲ್ಲು ಸೊನ್ನೆ. ಸ್ವಲ್ಪ ದಾಟಿದರೆ ದಾಟಿದ್ದಕ್ಕಷ್ಟೇ ದುಡ್ಡು. 200 ಯೂನಿಟ್ ದಾಟಿದರೆ ಮಾತ್ರ ಇಡೀ ಬಿಲ್ಲು ಕಟ್ಟಬೇಕು. ಬಾಡಿಗೆಯವರಿಗೂ ಇದು ಸಿಗುತ್ತದೆ, ಕರೆಂಟ್ ಬಿಲ್ಲಿನ ಮೇಲಿರುವ ಆ ಮನೆಯ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಿರಬೇಕು ಅಷ್ಟೆ. ಮಾಡಿಸಿಲ್ಲದಿದ್ದರೆ ಇದನ್ನು ಮೊದಲು ಮಾಡಿಸಿ.

ಹಾಸನದ ಚಳಿಗೆ ಬಿಸಿನೀರಿಲ್ಲದೆ ಯಾರೂ ಸ್ನಾನ ಮಾಡುವುದಿಲ್ಲ, ಯೂನಿಟ್ ಹೆಚ್ಚು ತಿನ್ನುವುದೂ ಅಲ್ಲೇ. 2,000 ವಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಒಬ್ಬರಾದ ಮೇಲೆ ಒಬ್ಬರು ಬೇಗ ಬೇಗ ಸ್ನಾನ ಮುಗಿಸಿದರೆ, ಕಾದ ನೀರು ಆರಿ ಮತ್ತೆ ಕಾಯುವುದು ತಪ್ಪುತ್ತದೆ. ಫ್ರಿಜ್ ಹಾಗಲ್ಲ. ರಾತ್ರಿ ಆರಿಸಿದರೆ ಬೆಳಿಗ್ಗೆ ಒಳಗಿನ ಬಿಸಿ ಇಳಿಸಲು ಅದು ಮತ್ತೆ ಬಿಡದೆ ಓಡುತ್ತದೆ, ಉಳಿತಾಯ ಹೆಚ್ಚೇನೂ ಆಗುವುದಿಲ್ಲ, ಹಾಲು, ರುಬ್ಬಿಟ್ಟ ಮಸಾಲೆ ಹುಳಿ ಬರುತ್ತದೆ. ಅದನ್ನು ಆರಿಸಲೇಬೇಡಿ. ಮುಂದೆ ಹೇಳುವ ಅಡುಗೆಯೆಲ್ಲ ಫ್ರಿಜ್ಜನ್ನು ನಂಬಿಕೊಂಡಿದೆ.

ಈಗ ಸಾಲ. 40,000ಕ್ಕೆ ನೂರಕ್ಕೆ ಮೂರು ಅಂದರೆ ತಿಂಗಳಿಗೆ 1,200. ಎರಡು ವರ್ಷಕ್ಕೆ 28,800 ಕಟ್ಟಿದ್ದೀರಿ, ಅಸಲು ಒಂದು ರೂಪಾಯಿ ಕರಗಿಲ್ಲ. ನೂರಕ್ಕೆ ಮೂರು ಅಂತ ಬಾಯಲ್ಲಿ ಹೇಳಿದರೆ ಸಣ್ಣದಾಗಿ ಕೇಳುತ್ತದೆ, ವರ್ಷಕ್ಕೆ ಅದು ನೂರಕ್ಕೆ ಮೂವತ್ತಾರು. ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಚಿನ್ನದ ಮೇಲಿನ ಸಾಲ ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸು ಅಂತ ಇಟ್ಟುಕೊಂಡರೆ, ಅದೇ 40,000ಕ್ಕೆ ಮೊದಲ ತಿಂಗಳ ಬಡ್ಡಿ 333 ರೂಪಾಯಿ. ನೀವು ಈಗ ಕಟ್ಟುವ 1,200ನ್ನೇ ಅಲ್ಲಿ ಕಟ್ಟಿದರೆ ಮೊದಲ ತಿಂಗಳೇ 867 ರೂಪಾಯಿ ಅಸಲಿಗೆ ಹೋಗುತ್ತದೆ, ಸಾಲ ಮೂರು ವರ್ಷ ಮೂರು ತಿಂಗಳಲ್ಲಿ ತಾನಾಗಿ ಮುಗಿಯುತ್ತದೆ. ಗೃಹಲಕ್ಷ್ಮಿಯ 2,000ವನ್ನೂ ಜೊತೆಗೆ ಹಾಕಿದರೆ ಸುಮಾರು ಹದಿನಾಲ್ಕು ತಿಂಗಳು ಸಾಕು. ಬಳೆ ಮನೆಗೆ ವಾಪಸ್.

ಅತ್ತೆಯವರು ಬಳೆ ಮುಟ್ಟಬೇಡ ಅನ್ನುವುದು ಸುಮ್ಮನೆ ಹಟವಲ್ಲ. ಅಡ ಇಟ್ಟ ಒಡವೆ ಹರಾಜಾಗಿ ಹೋದದ್ದನ್ನು ಅವರ ಕಾಲದವರು ಕಣ್ಣಾರೆ ಕಂಡಿದ್ದಾರೆ. ಅದಕ್ಕೇ ಅವರ ಎದುರು ಕೂತು, ಕಾಗದದ ಮೇಲೆ ಈ 28,800ನ್ನು ಬರೆದು ತೋರಿಸಿ. ಸೊಸೆಯ ಬಳೆ ಬೀರುವಿನಲ್ಲಿ ಭದ್ರವಾಗಿದೆ ಅಂದುಕೊಂಡಿದ್ದಾರೆ, ಆದರೆ ಆ ಬಳೆಯಷ್ಟೇ ದುಡ್ಡು ಬಡ್ಡಿಯವನ ಮನೆಗೆ ನಡೆದುಹೋಗುತ್ತಿರುವುದು ಅವರಿಗೆ ಕಾಣಿಸಿಲ್ಲ. ಬ್ಯಾಂಕಿನಲ್ಲಿ ಎರಡು ವಿಷಯ ಕೇಳಿಕೊಂಡೇ ಸಹಿ ಹಾಕಿ: ನಡುನಡುವೆ ಅಸಲು ಕಟ್ಟಬಹುದೇ, ವರ್ಷ ಮುಗಿದಾಗ ನವೀಕರಣ ಹೇಗೆ. ತೀರಿಸಿದ ದಿನ ಕೈಸಾಲ ಕೊಟ್ಟವರಿಂದ ನಿಮ್ಮ ಪ್ರಾಮಿಸರಿ ನೋಟು, ಖಾಲಿ ಚೆಕ್ಕು ಏನಾದರೂ ಕೊಟ್ಟಿದ್ದರೆ ಅದನ್ನು ಕೈಯಾರೆ ಇಸಿದುಕೊಳ್ಳಿ.

ಗೃಹಲಕ್ಷ್ಮಿ ಹಣ ಅತ್ತೆಯವರದು, ಅವರ ಹಕ್ಕಿನದು. ಕಿತ್ತುಕೊಂಡ ಹಾಗೆ ಆಗಬಾರದು. ತಿಂಗಳಿಗೆ ಅವರ ಕೈಗೆ ಒಂದಿಷ್ಟು ಉಳಿಸಿ, ಉಳಿದದ್ದು ಸಾಲಕ್ಕೆ ಅಂತ ಅವರ ಬಾಯಿಂದಲೇ ಬರಲಿ. ಇನ್ನೊಂದು ಮಾತು. ಆ ಕಂತು ಒಂದೊಂದು ಸಲ ತಡವಾಗಿ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬೀಳುವುದುಂಟು. ಅದಕ್ಕೇ ಅದನ್ನು ದಿನಸಿಗೆ, ಬಾಡಿಗೆಗೆ ಲೆಕ್ಕ ಹಿಡಿಯಬೇಡಿ. ಬಂದಾಗ ಬರಲಿ, ಬಂದ ದಿನ ಅಸಲಿಗೆ ಹೋಗಲಿ.

ಚೀಟಿ ಬೇಡ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿರದ, ಬೀದಿಯವರೋ ಲೈನಿನವರೋ ನಡೆಸುವ ಚೀಟಿಯಲ್ಲಿ ಒಬ್ಬರು ಎತ್ತಿಕೊಂಡು ಹೋದರೆ ನೀವು ಯಾರನ್ನೂ ಕೇಳುವ ಹಾಗಿಲ್ಲ. ಸಾಲ ತೀರಿಸುವ ಅವಸರದಲ್ಲಿ ಮೊದಲೇ ಕೂಗಿದರೆ ಕಳೆದುಕೊಳ್ಳುವುದೂ ಹೆಚ್ಚು.

ಈಗ ಸಂಜೆ ಆರೂವರೆ. ನನಗೆ ಹೇಳಬೇಕಾದದ್ದು ಹೆಚ್ಚು ಇರುವುದು ಇಲ್ಲೇ. ವಾರಕ್ಕೆ ಮೂರು ಪಾರ್ಸಲ್ ಅಂದರೆ ತಿಂಗಳಿಗೆ 2,300 ರೂಪಾಯಿಯ ಹತ್ತಿರ. ಮನೆಯವರು ಇದನ್ನು ನಾಲಿಗೆ ಚಪಲ ಅನ್ನಬಹುದು. ಮೂವತ್ತು ವರ್ಷ ಗೃಹ ವಿಜ್ಞಾನ ಕಲಿಸಿದ ನನಗೆ ಹಾಗೆ ಕಾಣುವುದಿಲ್ಲ. ದುಡಿದು ಬಂದ ಹೆಂಗಸಿಗೆ ಸಂಜೆ ಆರೂವರೆಗೆ ಸೊನ್ನೆಯಿಂದ ಅಡುಗೆ ಶುರುಮಾಡು ಅಂದರೆ ಯಾವ ಸಂಕಲ್ಪವೂ ನಿಲ್ಲುವುದಿಲ್ಲ. ಆ ಹೊತ್ತಿಗೆ ಅರ್ಧ ಅಡುಗೆ ಆಗಿಯೇ ಇರಬೇಕು.

ನಮ್ಮ ಕಡೆಯ ಬಸ್ಸಾರು ಇದಕ್ಕೆಂದೇ ಹುಟ್ಟಿದ ಹಾಗಿದೆ. ಅಲಸಂದೆಯೋ ಹೆಸರುಕಾಳೋ ಬೆಳಿಗ್ಗೆ ಹೋಗುವಾಗ ನೆನೆಹಾಕಿ. ನೆನೆದ ಕಾಳು ಕುಕ್ಕರಿನಲ್ಲಿ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಕಾಳು ಮುಕ್ಕಾಲು ಬೆಂದ ಮೇಲೆ ದಂಟೋ ಕೀರೆಯೋ ನುಗ್ಗೆಸೊಪ್ಪೋ ಹಾಕಿ ಬೇಯಿಸಿ ಬಸಿದುಕೊಳ್ಳಿ. ಬಸಿದ ಕಟ್ಟು ಒಂದು ಪಾತ್ರೆಗೆ. ಬೆಂದ ಸೊಪ್ಪು ಕಾಳಿನಲ್ಲಿ ಒಂದು ಹಿಡಿ ತೆಗೆದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿತುರಿ, ಹುಣಸೆ, ಸಾರಿನಪುಡಿ ಜೊತೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ, ಮೇಲೆ ಕಾಯಿತುರಿ, ಪಲ್ಯ. ಒಂದೇ ಬೇಯಿಸುವಿಕೆಗೆ ಎರಡು ಪದಾರ್ಥ, ಮುದ್ದೆಗೂ ಆಯಿತು, ಅನ್ನಕ್ಕೂ ಆಯಿತು. ಬಸ್ಸಾರಂತೂ ಮಾರನೇ ದಿನವೇ ಹೆಚ್ಚು ರುಚಿ, ಇದು ಗೊತ್ತಿಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಇರಲಾರದು. ಹಾಗಾಗಿ ಎರಡು ದಿನಕ್ಕಾಗುವಷ್ಟು ಮಾಡಿ. ಭಾನುವಾರ ಬಸ್ಸಾರಿನ ಮಸಾಲೆಯನ್ನು ಹುರಿದು, ನೀರು ಹಾಕದೆ ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟರೆ ಬುಧವಾರ ಸಂಜೆ ಮಿಕ್ಸಿ ತಿರುಗಿಸುವ ಕೆಲಸವೂ ಅರ್ಧ ಆಗಿರುತ್ತದೆ. ಉಪ್ಸಾರಿನ ಖಾರ ಒಂದು ಸಣ್ಣ ಬಾಟಲಿ ಫ್ರಿಜ್ಜಿನಲ್ಲಿ ಇದ್ದರೆ, ಯಾವ ಬೇಳೆ ಬೇಯಿಸಿದರೂ ಊಟವಾಯಿತು.

ಇಷ್ಟೂ ಆಗದ ದಿನ ಒಂದು ಇದ್ದೇ ಇರುತ್ತದೆ. ಆ ದಿನಕ್ಕೂ ಒಂದು ಊಟ ಮೊದಲೇ ಗೊತ್ತುಮಾಡಿಡಿ, ಆ ದಿನ ಯೋಚಿಸುವ ಶಕ್ತಿಯೂ ಇರುವುದಿಲ್ಲ ನೋಡಿ. ನಮ್ಮ ಮನೆಯಲ್ಲಿ ಅದು ಬಿಸಿ ಅನ್ನ, ಈರುಳ್ಳಿ ಹಾಕಿ ಹುರಿದ ಮೊಟ್ಟೆ, ಮೇಲೆ ನಿಂಬೆಹಣ್ಣು. ಹತ್ತು ನಿಮಿಷ. ಐದು ಜನಕ್ಕೆ ಐದಾರು ಮೊಟ್ಟೆ, ಒಂದಕ್ಕೆ 7 ರೂಪಾಯಿ ಅಂದರೂ ಪಾರ್ಸಲಿನ ಕಾಲು ಭಾಗದ ದುಡ್ಡು. ಮೂರು ಪಾರ್ಸಲನ್ನು ಒಂದಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ತಿಂಗಳಿಗೆ 1,500ರಷ್ಟು ಉಳಿಯುತ್ತದೆ, ಆ ಒಂದು ದಿನದ ಗೋಬಿ ಮಕ್ಕಳಿಗೂ ಬೇಕು, ನಿಮಗೂ ಬೇಕು. ಅದಕ್ಕೆ ಯಾರ ಮಾತೂ ಕೇಳಿಸಿಕೊಳ್ಳಬೇಕಾಗಿಲ್ಲ.

ತರಕಾರಿಗೆ ಕಟ್ಟಿನಕೆರೆ ಮಾರ್ಕೆಟ್‌ಗೋ ಸಂತೆಗೋ ಹೋಗುವುದಾದರೆ ಇಳಿಹೊತ್ತಿಗೆ ಹೋಗಿ, ಆಗ ಸೊಪ್ಪಿನ ಬೆಲೆ ಇಳಿದಿರುತ್ತದೆ. ಅವರೆಕಾಯಿ ಕಾಲದಲ್ಲಿ ಅವರೆ, ಆಲೂಗಡ್ಡೆ ಕಿತ್ತಾಗ ಆಲೂಗಡ್ಡೆ, ಕಾಲಕ್ಕೆ ತಕ್ಕ ತರಕಾರಿ ಅಗ್ಗ, ನಿಮಗೆ ಗೊತ್ತಿರುವುದೇ. ರೇಷನ್ ಅಕ್ಕಿ ಅನ್ನಕ್ಕೆ ಹಿಡಿಸದಿದ್ದರೆ ದೋಸೆಗೆ, ಅಕ್ಕಿರೊಟ್ಟಿ ಹಿಟ್ಟಿಗೆ ಬಳಸಿ. ಆದರೆ ಎರಡು ರೂಪಾಯಿ ಕಡಿಮೆ ಅಂತ ಊರ ಆ ತುದಿಯಿಂದ ಹತ್ತು ಕೆಜಿ ಹೊತ್ತು ತರಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗಳು ಚಿಕ್ಕವಳು, ಇನ್ನೂ ಕೆಲಸಕ್ಕೆ ಒದಗುವುದಿಲ್ಲ ಅಂತ ಬರೆದಿದ್ದೀರಿ. 7ನೇ ಕ್ಲಾಸಿನ ಮಗನ ಬಗ್ಗೆ ಒಂದು ಮಾತೂ ಇಲ್ಲ. ಹನ್ನೆರಡು ವರ್ಷದ ಹುಡುಗ ಅಕ್ಕಿ ತೊಳೆದು ಕುಕ್ಕರ್ ಇಡಬಲ್ಲ, ಮಷಿನ್‌ನಿಂದ ಬಟ್ಟೆ ತೆಗೆದು ಹರವಬಲ್ಲ, ತಟ್ಟೆ ತೊಳೆಯಬಲ್ಲ. ನೀವು ಬಾಗಿಲು ತೆರೆಯುವ ಹೊತ್ತಿಗೆ ಅನ್ನ ಆಗಿದ್ದರೆ ಆ ಸಂಜೆಯೇ ಬೇರೆ. ಅತ್ತೆಯವರು ಕೂತಲ್ಲೇ ಸೊಪ್ಪು ಬಿಡಿಸಿಡಬಹುದು, ಕಾಳು ಆರಿಸಬಹುದು. ಹಿರಿಯರಿಗೆ ಕೆಲಸ ಹೇಳುವುದು ಹೇಗೆ ಅಂತ ಹಿಂಜರಿಯಬೇಡಿ. 'ನೀವು ಬಿಡಿಸಿಟ್ಟರೆ ನನಗೆ ಆನೆಬಲ ಅತ್ತೆ' ಅಂತ ಹೇಳಿ ನೋಡಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ ಅಂತ ಬಂದಿದೆ. ಇದನ್ನು ಯಜಮಾನರ ಮುಂದೆ ಜಗಳಕ್ಕೆ ಇಡಬೇಡಿ. ಅವರೂ ಮೂಟೆ ಹೊತ್ತು ದಣಿದು ಬರುವವರೇ. ಒಂದೇ ಒಂದು ಕೆಲಸ ಪೂರ್ತಿ ಅವರದು ಅಂತ ಆಗಲಿ, ಸಂಜೆ ಬರುವಾಗ ಆಟೊದಲ್ಲೇ ಹಾಲು, ತರಕಾರಿ ತರುವುದು ಇರಲಿ, ರಾತ್ರಿ ಮಕ್ಕಳ ಹೋಂವರ್ಕ್ ನೋಡುವುದು ಇರಲಿ. ಕೊಟ್ಟ ಮೇಲೆ ಅವರು ಮಾಡಿದ ರೀತಿಯನ್ನು ತಿದ್ದಲು ಹೋಗಬೇಡಿ.

ಈಗ ನನಗೆ ಆತಂಕ ತಂದ ವಾಕ್ಯಕ್ಕೆ ಬರುತ್ತೇನೆ. ನಿಲ್ಲಲು ಕಾಲಿನಲ್ಲಿ ತ್ರಾಣ ಇರುವುದಿಲ್ಲ ಅಂದಿದ್ದೀರಿ. ನಾನು ಮೂವತ್ತಾರರಲ್ಲಿ ಇದೇ ಮಾತು ಹೇಳುತ್ತಿದ್ದೆ. ಮೆಟ್ಟಿಲು ಹತ್ತಿದರೆ ಎದೆ ಡವಡವ, ಸಂಜೆಗೆ ತಲೆನೋವು, ಯಾರ ಮೇಲೆಂದರೆ ಅವರ ಮೇಲೆ ಸಿಡುಕು. ಸೋಮಾರಿಯಾಗುತ್ತಿದ್ದೇನೆ ಅಂತ ನನ್ನನ್ನೇ ಬೈದುಕೊಂಡು ಎರಡು ವರ್ಷ ಕಳೆದೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.2. ಹೆಂಗಸರಿಗೆ ಕನಿಷ್ಠ 12 ಇರಬೇಕು. ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ನಿಮಗೂ ಅದೇ ಇದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ, ಥೈರಾಯ್ಡೂ ಇರಬಹುದು, ಬರಿಯ ದಣಿವೂ ಇರಬಹುದು. ಪರೀಕ್ಷೆ ಮಾಡಿಸದೆ ಬಿಡಬೇಡಿ. ಮುಟ್ಟಿನ ಸ್ರಾವ ಹೆಚ್ಚಿದ್ದರೆ ಅದನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ನಮ್ಮ ಕಾಫಿ ಸೀಮೆಯವರಿಗೆ ಇದರಲ್ಲಿ ಒಂದು ವಿಶೇಷ ತೊಂದರೆ ಇದೆ. ಊಟ ಮುಗಿಸಿದ ಕೂಡಲೇ ಕಾಫಿ ಬೇಕು ನಮಗೆ. ರಾಗಿ, ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ಕಾಫಿ, ಟೀ ಎರಡೂ ತಡೆಯುತ್ತವೆ. ಮುದ್ದೆ, ಬಸ್ಸಾರು ಉಂಡು ಮೇಲೆ ಕಾಫಿ ಕುಡಿದರೆ ಉಂಡದ್ದರಲ್ಲಿ ಒಂದಿಷ್ಟು ನಷ್ಟವೇ. ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇಡಿ, ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಿ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರೆ ಅದನ್ನೂ ಕಾಫಿ, ಹಾಲಿನ ಜೊತೆ ನುಂಗಬೇಡಿ. ಬೆಳಿಗ್ಗೆ ತಿಂಡಿ ಬಿಟ್ಟು ಬರೀ ಕಾಫಿ ಕುಡಿದು ಬಸ್ಸಿಗೆ ಓಡುವ ಅಭ್ಯಾಸ ಇದ್ದರೆ, ಅದನ್ನು ನಾಳೆಯೇ ಬಿಡಿ. ರಾತ್ರಿಯ ಮುದ್ದೆ ಉಳಿದಿದ್ದರೆ ಮಜ್ಜಿಗೆಗೆ ಕಿವುಚಿ, ಈರುಳ್ಳಿ ಹೆಚ್ಚಿ ಹಾಕಿ ಕುಡಿದು ಹೊರಡಿ.

ಪರೀಕ್ಷೆಗೆ ಕೈಯಿಂದ ದುಡ್ಡು ಹಾಕಬೇಕಾಗಿಲ್ಲ. ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ, ಇಎಸ್ಐ (ನೌಕರರ ರಾಜ್ಯ ವಿಮೆ) ಅಂತ ನೂರು ರೂಪಾಯಿ ಆಸುಪಾಸು ಹಿಡಿದಿರುತ್ತಾರೆ. ಸಂಬಳದ ನೂರಕ್ಕೆ 0.75 ನಿಮ್ಮದು, 3.25 ಕಂಪನಿಯದು. ಅದರಲ್ಲಿ ನಿಮಗೆ, ಯಜಮಾನರಿಗೆ, ಮಕ್ಕಳಿಗೆ ಚಿಕಿತ್ಸೆ ಇದೆ, ಕಾರ್ಡಿನಲ್ಲಿ ಅವರ ಹೆಸರು ಸೇರಿಸಿದ್ದಾರೆಯೇ ಅಂತ ಎಚ್‌ಆರ್‌ನವರ ಹತ್ತಿರ ಕೇಳಿ. ಡಾಕ್ಟರು ರಜೆ ಬರೆದುಕೊಟ್ಟರೆ, ಕಂತು ಸರಿಯಾಗಿ ಕಟ್ಟಿದ್ದವರಿಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70ರಷ್ಟು ಸಿಗುತ್ತದೆ. ಇಷ್ಟು ವರ್ಷ ದುಡ್ಡು ಕಟ್ಟಿ, ಜ್ವರ ಬಂದರೆ ಖಾಸಗಿ ಕ್ಲಿನಿಕ್ಕಿಗೆ 500 ಕೊಡುವ ಹೆಣ್ಣುಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಅತ್ತೆಯವರ ಬಿಪಿ, ಶುಗರ್ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಅಲ್ಲಿ ಸಿಗದ ಮಾತ್ರೆಗೆ ಜನೌಷಧಿ ಅಂಗಡಿ. ಹೋಗಿಬರುವ ಬಸ್ಸಿಗೆ ಶಕ್ತಿ ಯೋಜನೆ ಇದ್ದೇ ಇದೆ.

ಇನ್ನೊಂದು ಖರ್ಚನ್ನು ಮಾತ್ರ ನಾನೇ ಹೊಸದಾಗಿ ಹೇಳುತ್ತಿದ್ದೇನೆ, ಯಜಮಾನರು ರಸ್ತೆಯ ಮೇಲೆ ದುಡಿಯುವವರು ಅಂತ. ಅವರ ಉಳಿತಾಯ ಖಾತೆಯಿರುವ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ವಿಮೆ 20 ರೂಪಾಯಿ. ಒಟ್ಟು 456. ಮೊದಲನೆಯದರಲ್ಲಿ ಯಾವ ಕಾರಣಕ್ಕೆ ಜೀವ ಹೋದರೂ 2 ಲಕ್ಷ, ಎರಡನೆಯದರಲ್ಲಿ ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಜೀವನ್ ಜ್ಯೋತಿಗೆ 50 ವರ್ಷದೊಳಗೆ ಸೇರಬೇಕು. ಮೇ ಕೊನೆಗೆ ಖಾತೆಯಲ್ಲಿ ಅಷ್ಟು ದುಡ್ಡು ಇರಲಿ, ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ.

ಲೆಕ್ಕ ಬರೆಯಲು ಹೊಸ ಪುಸ್ತಕ ಬೇಡ. ಹಾಲಿನ ಲೆಕ್ಕ ಗುರುತು ಹಾಕುವ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದರ ಅದೇ ಮನೆಯಲ್ಲಿ ಆ ದಿನ ಫೋನ್‌ಪೇಯಲ್ಲಿ ಹೋದ ಒಟ್ಟು ದುಡ್ಡನ್ನು ರಾತ್ರಿ ಬರೆಯಿರಿ, ನಿಮ್ಮದೂ ಯಜಮಾನರದೂ. ಹತ್ತು, ಇಪ್ಪತ್ತು, ನಲವತ್ತು ಅಂತ ಹೋಗುವುದು ಕೈಯಲ್ಲಿ ಎಣಿಸಿ ಕೊಡುವ ದುಡ್ಡಿನ ಹಾಗೆ ನೆನಪಿರುವುದಿಲ್ಲ. ಎರಡು ವಾರ ಬರೆದರೆ ಸಾಕು. ಜೊತೆಗೆ, ಸಂಬಳ ಬಂದ ದಿನವೇ ಬಾಡಿಗೆ ಮತ್ತು ಸಾಲದ ಕಂತು ತೆಗೆದು, ಉಳಿದದ್ದನ್ನು ನಾಲ್ಕು ವಾರಕ್ಕೆ ನಾಲ್ಕು ಪಾಲು ಮಾಡಿ. 20ನೇ ತಾರೀಖಿನ ನಂತರದ ಪಾಲು ಸಾಸಿವೆ ಡಬ್ಬಿಯಲ್ಲೇ ಇರಲಿ, ಫೋನಿನಲ್ಲಿ ಬೇಡ.

ಎಲ್ಲವನ್ನೂ ಒಂದೇ ವಾರಕ್ಕೆ ಹಚ್ಚಿಕೊಳ್ಳಬೇಡಿ. ಈ ವಾರ ಬಟ್ಟೆ ಮಷಿನ್‌ಗೆ ಹಾಕುವುದು, ಮಗನಿಗೆ ಕುಕ್ಕರ್ ಇಡಲು ಕಲಿಸುವುದು, ರಕ್ತ ಪರೀಕ್ಷೆ. ಬಳೆಯ ಮಾತು ಮುಂದಿನ ತಿಂಗಳ ಬಡ್ಡಿ ಕಟ್ಟುವ ಮೊದಲು ಆದರೆ ಸಾಕು. ಪರೀಕ್ಷೆಯ ಚೀಟಿ ಬಂದ ಮೇಲೆ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನನಗೆ ಮರೆಯದೆ ಬರೆಯಿರಿ.